ಜೂನ್ ಒಂದರಂದು ಹುಟ್ಟಿದವರು

ಯಾದಗಿರಿ
ಮೇ ೨೨, ಗುರುವಾರ, ಮಧ್ಯಾಹ್ನ

ಪ್ರೀತಿಯ ತಮ್ಮ ಬಾಲುಗೆ ನಿನ್ನ ರೇಣಕ್ಕನ ಆಶೀರ್ವಾದಗಳು.

ಮೊಣಕಾಲು ಹೇಗಿದೆ? ನಿಜ ಹೇಳು. ಹೋದ ವಾರ ಟಿವಿಯಲ್ಲಿ ನೀನು ವಿಮಾನದ ಮೆಟ್ಟಿಲು ಇಳಿಯುವುದನ್ನು ತೋರಿಸಿದರು. ದೇಶವೆಲ್ಲ ನೀನು ಬೀಸಿದ ಬಲಗೈ ನೋಡಿತು, ನಾನು ಕಂಬಿ ಬಿಡದ ಎಡಗೈ ನೋಡಿದೆ. ಎಳ್ಳೆಣ್ಣೆ ಬೆಚ್ಚಗೆ ಮಾಡಿ ತಿಕ್ಕಿಸಿಕೋ ಎಂದು ಮಾರ್ಚಿನಲ್ಲಿ ಬರೆದಿದ್ದೆನಲ್ಲ, ಆ ಪತ್ರಕ್ಕೆ ಏನಾಯಿತು ಗೊತ್ತೇ? "ಮಾನ್ಯ ಪ್ರಧಾನಮಂತ್ರಿಗಳಿಗೆ ಬರೆದ ತಮ್ಮ ಪತ್ರ ತಲುಪಿದೆ, ಸೂಕ್ತ ಕ್ರಮಕ್ಕಾಗಿ ಆರೋಗ್ಯ ಇಲಾಖೆಗೆ ರವಾನಿಸಲಾಗಿದೆ" ಎಂದು ಮುದ್ರೆ ಒತ್ತಿದ ಕಾಗದ ಬಂತು, ಅದೂ ಹಿಂದಿಯಲ್ಲಿ. ಕಲ್ಪನಾ ಓದಿ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿನ್ನ ಮೊಣಕಾಲಿನ ಕಡತ ಈಗ ಯಾರ ಮೇಜಿನ ಮೇಲೆ ಮಲಗಿದೆಯೋ. ಅದಕ್ಕೇ ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ಕಲ್ಪನಾಳ ಕಾಲೇಜಿನವರಿಗೆ ದೆಹಲಿಯಲ್ಲಿ ಏನೋ ತರಬೇತಿಯಂತೆ, ಇವತ್ತು ಸಂಜೆಯ ರೈಲಿಗೆ ಹೊರಟಿದ್ದಾಳೆ. ಮಾವನ ಕೈಗೇ ಕೊಡು, ನಡುವೆ ಇನ್ನೊಂದು ಕೈಗೆ ಕೊಟ್ಟರೆ ನೀನು ನನ್ನ ಮಗಳೇ ಅಲ್ಲ ಎಂದು ಹೇಳಿದ್ದೇನೆ. ಪಾಪ, ಸೋದರಮಾವನ ಮನೆಯ ಹೊಸ್ತಿಲು ದಾಟಲು ಅವಳಿಗೆ ಮೂರು ಕಡೆ ಗುರುತಿನ ಚೀಟಿ ತೋರಿಸಬೇಕು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆಯಲಾರೆ. ಮೈಗೇನೂ ಆಗಿಲ್ಲ, ಸಕ್ಕರೆ, ಬಿ.ಪಿ. ಎರಡೂ ಹದ್ದುಬಸ್ತಿನಲ್ಲಿವೆ. ಆದರೆ ಸೋಮವಾರದಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಮೊನ್ನೆ ಬೇಳೆಗೆ ಉಪ್ಪು ಹಾಕಲಿಲ್ಲ, ನಿನ್ನೆ ಎರಡು ಸಲ ಹಾಕಿದೆ. ಒಗೆದ ಸೀರೆಯನ್ನೇ ಮತ್ತೆ ಒಗೆದೆ. ಕಲ್ಪನಾ "ಯವ್ವಾ, ನಿನ್ನ ಕಾಲಿಗಿ ಯಾರರ ಚಕ್ರ ಕಟ್ಯಾರೇನ?" ಎಂದು ಬೈದಳು. ಅವಳು ಬೈಯುತ್ತಿರುವಾಗಲೇ ಚಪ್ಪಲಿ ಮೆಟ್ಟಿ ಹೊರಗೆ ಬಿದ್ದೆ. ಈ ಬಿಸಿಲಲ್ಲಿ ಮೊನ್ನೆ ಕೊಂಕಲ್‌ಗೆ ಹೋಗಿ ಬಂದೆ, ನಿನ್ನೆ ಸುರಪುರಕ್ಕೆ. ಯಾಕೆ ಎಂದು ಹೇಳಲಿಕ್ಕೇ ಈ ಪತ್ರ. ನಡುವೆ ಕೋಪ ಬಂದರೆ ಮಡಚಿ ಇಡು, ಹರಿಯಬೇಡ. ಸಣ್ಣವನಿದ್ದಾಗ ನನ್ನ ಪಾಟಿ ಒಡೆದ ಹಾಗೆ ಮಾಡಬೇಡ.

ಸೋಮವಾರ ಹತ್ತು ಗಂಟೆಗೆ ಸಂಜುಕುಮಾರ ಬಂದಿದ್ದ. ನಿನ್ನ ಪಕ್ಷದ ಜಿಲ್ಲಾ ಅಧ್ಯಕ್ಷ, ನೀನೇ ಹೆಸರು ಹೇಳಿ ಕೂಡಿಸಿದವನು. ಸಂಗಡ ಕಲಬುರಗಿಯ ಒಬ್ಬ ವಕೀಲ. ಚಹಾ ತರುವಷ್ಟರಲ್ಲಿ ಟೀಪಾಯಿ ಮೇಲೆ ಟೈಪು ಮಾಡಿದ ಒಂದು ಪ್ರಮಾಣಪತ್ರ ಇಟ್ಟಿದ್ದರು. ಅದರಲ್ಲಿ ಇದ್ದದ್ದು ಇಷ್ಟು: ರೇಣಮ್ಮ ಎಂಬ ನಾನು ಪ್ರಧಾನಮಂತ್ರಿ ಬಾಲಪ್ಪನವರ ಸ್ವಂತ ಅಕ್ಕ. ಅವರು ಹುಟ್ಟಿದ್ದನ್ನು ಕಣ್ಣಾರೆ ಕಂಡವರಲ್ಲಿ ಈಗ ಬದುಕಿರುವವಳು ನಾನೊಬ್ಬಳೇ. ಶಾಲೆಯ ದಾಖಲೆಯಲ್ಲಿರುವ ಜೂನ್ ಒಂದು ಎಂಬ ತಾರೀಖು ತಪ್ಪು. ಅವರು ನಿಜವಾಗಿ ಹುಟ್ಟಿದ್ದು ಅದಕ್ಕೆ ಒಂದು ವರ್ಷ ಎಂಟು ತಿಂಗಳ ನಂತರ, ಮಾಘದಲ್ಲಿ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

ಯಾಕೆಂದು ನಿನಗೆ ಹೇಳಬೇಕಿಲ್ಲ, ಆದರೂ ನನ್ನ ಬಾಯಿಂದ ಕೇಳು. ಹನ್ನೊಂದು ವರ್ಷದ ಹಿಂದೆ ನೀನು ಪಕ್ಷದ ಅಧ್ಯಕ್ಷನಾಗಿದ್ದಾಗ ಒಂದು ನಿಯಮ ಮಾಡಿದೆ: ಎಪ್ಪತ್ತು ತುಂಬಿದವರು, ಎಷ್ಟೇ ದೊಡ್ಡವರಿರಲಿ, ಹುದ್ದೆ ಬಿಡಬೇಕು. ಬರುವ ಜೂನ್ ಒಂದಕ್ಕೆ ನಿನಗೇ ಎಪ್ಪತ್ತು. ಇನ್ನು ಹತ್ತು ದಿನ. ಮೂವತ್ತನೇ ತಾರೀಖು ನಿಮ್ಮ ಸಂಸದರ ಸಭೆ. ಅಷ್ಟರೊಳಗೆ ನನ್ನ ಸಹಿಯ ಕಾಗದ ದೆಹಲಿ ಮುಟ್ಟಿದರೆ ನಿನಗಿನ್ನೂ ಅರವತ್ತೆಂಟು, ಕುರ್ಚಿ ನಿನ್ನದೇ, ಮುಂದಿನ ಚುನಾವಣೆಗೂ ನೀನೇ ಮುಂದಾಳು. ಮುಟ್ಟದಿದ್ದರೆ ರಾಜೀನಾಮೆ. ಶನಿವಾರ ಸಹಿ ಒಯ್ಯಲು ಬರುತ್ತೇನೆ ಎಂದಿದ್ದಾನೆ. ಅವನಿಗೆ ನನ್ನ ಮುಖ ನೋಡಿ ಏನನ್ನಿಸಿತೋ, "ಅಕ್ಕಾರ, ನಾವೇನು ಸುಳ್ಳ ಬರೀರಿ ಅನ್ನಾಕತ್ತಿಲ್ರಿ. ಖರೇನೇ ಬರೀರಿ ಅನ್ನಾಕತ್ತೀವಿ," ಎಂದ. ಅಲ್ಲೇ ಸಿಕ್ಕಿಬಿದ್ದೆ ನೋಡು. ಸುಳ್ಳು ಹೇಳು ಎಂದಿದ್ದರೆ ಚಹಾದ ಕಪ್ಪು ಬಸಿ ಸಮೇತ ಹೊರಗೆ ಕಳಿಸುತ್ತಿದ್ದೆ. ಅವನು ಕೇಳಿದ್ದು ನಿಜವನ್ನು.

ಹೌದು, ನಿಜವೇ. ನೀನು ಹುಟ್ಟಿದ್ದು ಹೈದರಾಬಾದ್ ರಾಜ್ಯ ಹೋಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೂರು ತಿಂಗಳಿಗೆ. ಶಿರವಾಳದ ಹತ್ತಿರ ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ನಮ್ಮ ಕುರಿ ತರುಬಿದ್ದರು. ನನಗೆ ಐದು ವರ್ಷ. ಅಪ್ಪ ನನ್ನನ್ನು ಹಳೆಯ ಗುಡಿಯ ಕಟ್ಟೆಯ ಮೇಲೆ ಕೂಡಿಸಿ, ಕೈಯಲ್ಲಿ ಒಂದು ಹಿಡಿ ಹಸಿ ಕಡಲೆ ಕೊಟ್ಟು, "ಇದು ಮುಗಿಯೂತನ ಏಳಬ್ಯಾಡ" ಎಂದ. ಕಡಲೆ ಮುಗಿಯುವ ಮೊದಲೇ ನೀನು ಅತ್ತೆ. ಜೂನ್ ತಿಂಗಳಲ್ಲಿ ಹಸಿ ಕಡಲೆ ಎಲ್ಲಿಂದ ಬರಬೇಕು? ಅಷ್ಟು ಸಾಕು ಸಾಕ್ಷಿಗೆ. ಆದರೆ ನಿಜ ಎನ್ನುವುದು ಹಾಕಿದಲ್ಲೇ ಬಿದ್ದಿರುವ ಕಲ್ಲಲ್ಲವಲ್ಲ. ಮೂವತ್ತಾರು ವರ್ಷ ಲೆಕ್ಕ ಕಲಿಸಿದವಳು ನಾನು. ಅವರ ಎದುರಿಗೇ ಕ್ಯಾಲೆಂಡರಿನ ಹಾಳೆ ಹರಿದು ಹಿಂದುಗಡೆ ಕಳೆದು ನೋಡಿದೆ. ನೀನು ಮೊದಲ ಸಲ ಲೋಕಸಭೆಗೆ ನಿಂತ ಉಪಚುನಾವಣೆಯ ದಿನ ಶಾಲೆಯ ಲೆಕ್ಕದಲ್ಲಿ ನಿನಗೆ ಇಪ್ಪತ್ತೈದು ವರ್ಷ ಐದು ತಿಂಗಳು. ಅವ್ವನ ಲೆಕ್ಕದಲ್ಲಿ ಇಪ್ಪತ್ಮೂರು ವರ್ಷ ಒಂಬತ್ತು ತಿಂಗಳು. ಇಪ್ಪತ್ತೈದು ತುಂಬದೆ ಯಾರೂ ನಿಲ್ಲುವ ಹಾಗಿಲ್ಲ. ಇವತ್ತು ಕುರ್ಚಿ ಉಳಿಸುವ ನಿಜವೇ ನೀನು ಹತ್ತಿದ ಮೊದಲ ಮೆಟ್ಟಿಲನ್ನು ಕೀಳುತ್ತದೆ. ವಕೀಲರಿಗೆ ಹಾಳೆ ತೋರಿಸಿದೆ. "ನಲವತ್ತೈದು ವರ್ಷದ ಹಿಂದಿಂದು ಯಾರ್ ಲೆಕ್ಕ ಹಾಕ್ತಾರ್ರಿ ಅಮ್ಮಾರ? ಅದರ ಮುದತ್ತ ಮುಗದ ಹೋಗ್ಯಾದ," ಎಂದು ನಕ್ಕರು. "ನಾ ಹಾಕೀನಲ್ರಿ," ಎಂದೆ. ಆಮೇಲೆ ಚಹಾ ಆರಿತು, ಅವರು ಎದ್ದು ಹೋದರು. ಹೋಗುವಾಗ ಸಂಜುಕುಮಾರ ಬಾಗಿಲಲ್ಲಿ ತಿರುಗಿ, "ಸಾಹೇಬ್ರಿಗಿ ಗೊತ್ತಿಲ್ದ ನಾವು ಬರ್ತೀವೇನ್ರಿ?" ಎಂದ. ಅಂದಿನಿಂದ ಆ ಒಂದು ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ಜೋಳದ ಹೊಟ್ಟಿನಂತೆ ಕೂತಿದೆ. ನಿನಗೆ ಗೊತ್ತಿತ್ತೇ ಬಾಲು? ನೀನೇ ಕಳಿಸಿದೆಯಾ?

ಮೊದಲ ಚುನಾವಣೆ ನೆನಪಾಯಿತು. ಸುರಪುರದ ಮಲ್ಲಣ್ಣ ವಕೀಲರು "ಈ ಕುರುಬರ ಹುಡಗಗ ಟಿಕೆಟ್ ಕೊಡ್ರಿ, ನಾ ಜಾಮೀನು" ಎಂದು ಹಟ ಹಿಡಿಯದಿದ್ದರೆ ನೀನು ಇವತ್ತು ಯಾವುದೋ ಪಂಚಾಯತಿಯಲ್ಲಿ ಗುಮಾಸ್ತನಾಗಿ ಪಿಂಚಣಿ ತೆಗೆದುಕೊಳ್ಳುತ್ತಿದ್ದೆ. ತಮ್ಮ ಕರೀ ಕೋಟನ್ನು ನಿನಗೆ ಹಾಕಿಸಿ, ತೋಳು ಉದ್ದವಾಯಿತೆಂದು ನನ್ನ ಕೈಯಿಂದ ಮಡಚಿ ಹೊಲಿಸಿದ್ದರು. ಗೆದ್ದು ದೆಹಲಿಗೆ ಹೋಗಿ, ಮಸೂದೆ ಬೇಡ ಎನ್ನಲು ಎದ್ದು ನಿಂತು, ಯಾದಗಿರಿ ಬಜಾರಿನಲ್ಲಿ ಕಲಿತ ಹಿಂದಿಯಲ್ಲಿ "ಯೇ ಬಿಲ್ ಹಮ್ಕು ನಕ್ಕೋ" ಎಂದೆಯಂತೆ, ಇಡೀ ಸಭೆ ಮೇಜು ಕುಟ್ಟಿ ನಕ್ಕಿತಂತೆ. ಮರುಸಲ ಸೋತೆ, ಆರು ತಿಂಗಳು ಗಡ್ಡ ಬಿಟ್ಟು ನನ್ನ ಮನೆಯ ಕಟ್ಟೆಯ ಮೇಲೆ ಕೂತೆ. ಮತ್ತೆ ಗೆದ್ದೆ. ಪಶುಪಾಲನೆಯ ಖಾತೆ ಸಿಕ್ಕಾಗ ಪತ್ರಿಕೆಯವರು ಕುರಿ ಮಂತ್ರಿ ಎಂದು ಬರೆದರು. ಅಪ್ಪ ಮಾತ್ರ ಅದನ್ನು ಬೈಗಳು ಎಂದು ತಿಳಿಯದೆ ಊರೆಲ್ಲ ಪತ್ರಿಕೆ ತೋರಿಸಿದ. ಆಮೇಲೆ ಕೃಷಿ, ಆಮೇಲೆ ಪಕ್ಷದ ಅಧ್ಯಕ್ಷಗಿರಿ, ಐದು ಪಕ್ಷಗಳ ಜಗಳದಲ್ಲಿ ಯಾರಿಗೂ ಬೇಡವಾದವನೇ ಎಲ್ಲರಿಗೂ ಬೇಕಾಗಿ ಪ್ರಧಾನಿ. ಆರು ವರ್ಷ ಆ ಬಂಡಿ ಎಳೆದೆ. ದೊಡ್ಡ ಮಾತೇ. ನಾನು ನಿನ್ನ ಎದುರು ಹೊಗಳುವವಳಲ್ಲ, ಪತ್ರದಲ್ಲಿ ಹೊಗಳಿದರೆ ದೋಷವಿಲ್ಲ.

ಈ ಎಲ್ಲ ಕಾಲದಲ್ಲಿ ನೀನು ಬಿಡದೆ ಹೇಳಿಕೊಂಡು ಬಂದ ಕಥೆ ಒಂದೇ, ಕಿವಿಯ ಕಥೆ. ಯಾಕೂಬಸಾಬ ಮಾಸ್ತರರು ಶಾಲೆಗೆ ಸೇರಿಸಿಕೊಳ್ಳುವಾಗ "ತಲಿ ಮ್ಯಾಲಿಂದ ಕೈ ತಂದು ಆ ಕಡಿ ಕಿವಿ ಹಿಡಿ" ಎಂದರು. ಆರು ವರ್ಷವಾದ ಮಕ್ಕಳಿಗೆ ಮಾತ್ರ ಮುಟ್ಟುವುದು, ನಾಲ್ಕು ವರ್ಷದ ನಾನು ಮುಟ್ಟಿದೆ. ಕೈಗೆ ಸಿಗದ್ದನ್ನು ಹಿಡಿಯುವುದು ಅವತ್ತೇ ಕಲಿತೆ, ಎನ್ನುತ್ತೀಯ. ಅದಕ್ಕೆ ಬಿದ್ದ ಚಪ್ಪಾಳೆ ಎಷ್ಟೋ. ಪೋಸ್ಟರ್ ಕೂಡ ಮಾಡಿಸಿದರು, ಒಂದು ಮಗು ತಲೆಯ ಮೇಲಿಂದ ಕಿವಿ ಹಿಡಿದದ್ದು. ಸಂಜುಕುಮಾರನಿಗೆ ಈ ಪ್ರಮಾಣಪತ್ರದ ಉಪಾಯ ಹೊಳೆದದ್ದೂ ಅದೇ ಕಥೆಯಿಂದಂತೆ: ಸಾಹೇಬರೇ ನಾಲ್ಕು ವರ್ಷ ಎಂದು ಹೇಳುತ್ತಾರಲ್ಲ! ನೋಡು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟಿವಿಯಲ್ಲಿ ಆ ಕಥೆ ಬಂದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಕಲ್ಪನಾಗೆ ಅದು ಬಹಳ ದಿನದ ಸೋಜಿಗ.

ಮಂಗಳವಾರ ಕೊಂಕಲ್‌ಗೆ ಹೋದದ್ದು ಆ ಶಾಲೆಯ ದಾಖಲಾತಿ ಪುಸ್ತಕ ನೋಡಲಿಕ್ಕೆ. ಈಗ ಅಲ್ಲಿ ಮುಖ್ಯಶಿಕ್ಷಕಿ ಪಂಚಶೀಲಾ, ನನ್ನ ಹತ್ತಿರವೇ ಓದಿದವಳು. ರಜೆಯಿದ್ದರೂ ಬಂದು ಬೀಗ ತೆಗೆದಳು. ಕಬ್ಬಿಣದ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾಳೆ, ಅಂಚು ಮಾತ್ರ ಗೆದ್ದಲು ತಿಂದಿದೆ. ಆ ವರ್ಷದ ಹಾಳೆ ತೆರೆದರೆ ಹದಿನಾಲ್ಕು ಮಕ್ಕಳು, ಹದಿನಾಲ್ಕೂ ಜೂನ್ ಒಂದರಂದು ಹುಟ್ಟಿದವು. ಊರ ಸೂಲಗಿತ್ತಿಗೆ ಆ ದಿನ ಬೆವರು ಒರೆಸಿಕೊಳ್ಳಲೂ ಬಿಡುವಿರಲಿಕ್ಕಿಲ್ಲ! ನಗಬಾರದು, ನನ್ನ ತಾರೀಖೂ ಅದೇ, ನಾನು ಮಾಸ್ತರಿಕೆ ಮಾಡುವಾಗ ನೂರಾರು ಮಕ್ಕಳಿಗೆ ಬರೆದದ್ದೂ ಅದೇ. ಯಾವ ತಾಯಿಗೂ ತಾರೀಖು ಗೊತ್ತಿರುತ್ತಿರಲಿಲ್ಲ. ಸಜ್ಜೆ ಕೊಯ್ಯುವಾಗ, ಎಮ್ಮೆ ಸತ್ತ ವರ್ಷ ಎನ್ನುತ್ತಿದ್ದರು. ಶಾಲೆ ತೆರೆಯುವುದು ಜೂನಿನಲ್ಲಿ, ಆರು ವರ್ಷ ಕಳೆದು ಬರೆದರಾಯಿತು. ನಿನ್ನ ಸರ್ಕಾರ ಬಂದ ಮೇಲೆ ಮಗು ಅತ್ತ ಗಳಿಗೆಗೇ ಕಂಪ್ಯೂಟರಿನಲ್ಲಿ ಏರುತ್ತದೆ, ನಮ್ಮದು ಮಾಸ್ತರರ ಮನಸ್ಸಿನಲ್ಲಿ ಹುಟ್ಟಿದ ಸಂತತಿ.

ಪುಸ್ತಕದಲ್ಲಿ ನಿನ್ನ ಹೆಸರು ಕೊನೆಯದು. ಬಾಲಪ್ಪ ತಂದೆ ತಾಯಪ್ಪ, ಉದ್ಯೋಗ ಕುರಿ. ಆ ಕೊನೆಯ ಸಾಲಿನ ಹಿಂದೆ ಏನಿತ್ತೆಂದು ನಿನಗೆ ನೆನಪಿರಲಾರದು. ಅವ್ವ ಅಪ್ಪ ಕುರಿ ಹಿಂದೆ ಹೋಗುವವರು, ನಿನ್ನನ್ನು ನೋಡಿಕೊಳ್ಳುವವಳು ನಾನು. ನನಗೆ ಶಾಲೆ ಬಿಡಲು ಮನಸ್ಸಿಲ್ಲ. ನಿನ್ನನ್ನು ಟೊಂಕದ ಮೇಲೆ ಹೊತ್ತು ಒಯ್ದು ಬಾಗಿಲ ಹತ್ತಿರ ಕೂಡಿಸಿ, ಪಾಠ ಕೇಳುತ್ತ ನಿನ್ನ ಮೂಗು ಒರೆಸುತ್ತಿದ್ದೆ. ಯಾಕೂಬಸಾಬರು ವರ್ಷಗಟ್ಟಲೆ ನೋಡಿಯೂ ನೋಡದಂತೆ ಇದ್ದರು. ಆಮೇಲೆ ಇನ್‌ಸ್ಪೆಕ್ಟರ್ ಬಂದು, ಹೆಸರಿಲ್ಲದ ಕೂಸು ತರಗತಿಯಲ್ಲಿ ಕೂಡಬಾರದು ಎಂದು ಹೇಳಿಹೋದ. ಅವ್ವ "ಹಂಗಾರ ಸೋಮಾರದಿಂದ ರೇಣಿ ಮನ್ಯಾಗ ಇರ್ಲಿ. ಹೆಣ್ಣಿಗಿ ಮೂರನೆತ್ತೆ ಸಾಲಿ ಆತಲ್ಲ, ಸಾಕು," ಎಂದಳು. ಮಾಸ್ತರರು ನಿನ್ನ ಕೈ ಎತ್ತಿಸಿ ಕಿವಿ ಹಿಡಿಸಿದ್ದು ಮರುದಿನ. ಮುಂದಿನದನ್ನು ನೀನೇ ದೇಶಕ್ಕೆಲ್ಲ ಹೇಳಿದ್ದೀಯ. ಪುಸ್ತಕದ ಕೊನೆಯ ಮನೆ 'ಷರಾ'. ಹದಿಮೂರು ಮಕ್ಕಳ ಎದುರು ಅದು ಖಾಲಿ. ನಿನ್ನ ಎದುರು ಮಾತ್ರ ಯಾಕೂಬಸಾಬರು ಸಣ್ಣ ಅಕ್ಷರದಲ್ಲಿ 'ಅಕ್ಕನ ಸಂಗಡ' ಎಂದು ಬರೆದು, ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದ್ದಾರೆ. ಪಂಚಶೀಲಾ "ಹಿಂಗಂದ್ರ ಏನ್ರಿ ಟೀಚರ್? ಹೋದ ವಾರ ಇಬ್ರು ಬಂದು ಇದರ ಫೋಟೋ ತಕ್ಕೊಂಡ್ ಹೋಗ್ಯಾರ," ಎಂದಳು. ಯಾರ ಕಡೆಯವರೋ ಅವಳಿಗೂ ಗೊತ್ತಿಲ್ಲ. ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು ಬಸ್ಸು ಹತ್ತಿದೆ.

ನಿನ್ನೆ ಸುರಪುರ. ಶಹಾಪುರದಲ್ಲಿ ಬಸ್ಸು ಅರ್ಧ ತಾಸು ನಿಂತಿತು, ಇಳಿದು ಮತ್ತೆ ಮನೆಗೆ ಹೋಗಿಬಿಡಲೇ ಎಂದು ಎರಡು ಸಲ ಚೀಲ ಎತ್ತಿದೆ. ಎದುರಿಗೆ ಮಲಗಿದ ಬುದ್ಧನಂತಿರುವ ಬೆಟ್ಟ, ಅದಕ್ಕೆ ಮಾತ್ರ ಯಾವ ಅವಸರವೂ ಇಲ್ಲ. ಮಲ್ಲಣ್ಣನವರ ಮನೆಗೆ ಅವರು ತೀರಿಕೊಂಡ ಮೇಲೆ ನಾನು ಕಾಲಿಟ್ಟಿರಲಿಲ್ಲ. ನಾಚಿಕೆ. ನಿನ್ನ ಎಪ್ಪತ್ತರ ನಿಯಮ ಮೊದಲು ಮುಟ್ಟಿದ್ದೇ ಅವರನ್ನಲ್ಲವೇ? ಟಿಕೆಟ್ ಕೊಡಿಸಿದವರನ್ನೇ ಮನೆಗೆ ಕಳಿಸಿದೆ. ನಿಯಮ ನಿಯಮವೇ ಎಂದು ಆಗ ನನ್ನ ಹತ್ತಿರ ವಾದ ಮಾಡಿದ್ದೆ, ನಾನು ಎರಡು ತಿಂಗಳು ಮಾತು ಬಿಟ್ಟಿದ್ದೆ. ಅವರ ಹೆಂಡತಿ ಭುವನೇಶ್ವರಿ ಬಾಗಿಲಲ್ಲಿ ನನ್ನನ್ನು ನೋಡಿ ಮೊದಲು ಕೇಳಿದ್ದೇ, "ಬಾಲಪ್ಪ ಅರಾಮ ಅದಾನೇನ್ರಿ? ಟಿವ್ಯಾಗ ಸೊರಗಿದಂಗ ಕಾಣ್ತಾನ." ನಾನು ಬಂದ ಕಾರಣ ಹೇಳಿದೆ. ಆಕೆ ಎದ್ದು ಒಳಗಿನಿಂದ ಹಳದಿ ಬಟ್ಟೆಯ ಗಂಟು ತಂದು ಬಿಚ್ಚಿದರು. ಮಲ್ಲಣ್ಣನವರ ಜಾತಕ.

ಇದನ್ನು ನಿಧಾನ ಓದು ಬಾಲು, ಇದಕ್ಕಾಗಿಯೇ ನಾನು ಇಷ್ಟು ದೂರ ಹೋದದ್ದು ಎಂದು ಹೋದ ಮೇಲೆ ತಿಳಿಯಿತು. ಮಲ್ಲಣ್ಣನವರದೂ ಶಾಲೆಯಲ್ಲಿ ಜೂನ್ ಒಂದು. ಜಾತಕದ ಪ್ರಕಾರ ಅವರು ಎರಡು ವರ್ಷ ಚಿಕ್ಕವರು. ನಿಯಮ ಬಂದಾಗ ಊರ ಮಂದಿ, ಜಾತಕ ಕಳಿಸ್ರಿ, ಎರಡು ವರ್ಷ ಉಳೀತದ ಎಂದರಂತೆ. ಅವರು "ಸಾಲ್ಯಾಗ ಬರದ ವಯಸ್ಸಿನ ಮ್ಯಾಲ ಹತ್ತೀವಿ, ಬರದ ವಯಸ್ಸಿನ ಮ್ಯಾಲ ಇಳೀಬೇಕು. ಹತ್ತುವಾಗ ಇಲ್ಲದ ಜಾತಕ ಇಳಿಯುವಾಗ ಯಾಕ?" ಎಂದು ಗಂಟು ಕಟ್ಟಿ ಒಳಗೆ ಇಟ್ಟರಂತೆ. "ಬಾಲಪ್ಪಗ ಮಾತ್ರ ಹೇಳಬ್ಯಾಡ, ಅವಗ ಜೀವ ಮರಗತದ ಅಂದಿದ್ರು ನಮ್ಮವ್ರು. ಅದಕ್ಕ ಇಷ್ಟ್ ದಿನ ಹೇಳಿಲ್ರಿ ಅಕ್ಕಾರ," ಎಂದರು ಆಕೆ. ನೀನು ಆವತ್ತು ಫೋನು ಮಾಡಿದಾಗ "ಛಲೋ ಕೆಲಸ ಮಾಡ್ದಿ" ಎಂದು ಹೇಳಿ, ಫೋನಿಟ್ಟು, ಕರೀ ಕೋಟು ಇಸ್ತ್ರಿ ಮಾಡಿಸಿದರಂತೆ. ಮುಂದೆ ಎರಡು ವರ್ಷ ಪ್ರತಿ ಬೆಳಿಗ್ಗೆ ಹತ್ತಕ್ಕೆ ಕೋಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತು, ಹನ್ನೆರಡಕ್ಕೆ ತಾವೇ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರಂತೆ. ಯಾರೂ ಬರುತ್ತಿರಲಿಲ್ಲ. ಆ ಗೂಟ ನೋಡಿ ಬಂದೆ. ನನಗೆ ಅಳು ಬಂತು, ಅತ್ತೆ. ಆಕೆಯೇ ಸಮಾಧಾನ ಮಾಡಿ ಬಸ್ಸಿಗೆ ಕಳಿಸಿದರು. ಹೇಳಬೇಡ ಎಂದದ್ದನ್ನು ನಿನಗೆ ಹೇಳಿದ್ದೇನೆ. ಜೀವ ಮರುಗಲಿ. ಮರುಗಬೇಕು.

ಇವತ್ತು ಬೆಳಿಗ್ಗೆ ನಿನ್ನ ಕಾರ್ಯದರ್ಶಿಯ ಫೋನು. "ಮಾತಾಜೀ, ಕಾಗಜ್ ತಯ್ಯಾರ್ ಹೈ?" ಎಂದ. "ಸಾಹೇಬ್ ಕೋ ಮಾಲೂಮ್ ಹೈ ಕ್ಯಾ?" ಎಂದೆ. "ಸಾಹೇಬ್ ಕೋ ಸಬ್ ಮಾಲೂಮ್ ರಹತಾ ಹೈ," ಎಂದ. ಸಾಹೇಬರಿಗೆ ಎಲ್ಲ ಗೊತ್ತಿರುತ್ತದೆ ಎನ್ನುವುದು ಉತ್ತರವೇ? ಸಾಹೇಬನನ್ನೇ ಕೊಡು ಎಂದರೆ ಮೀಟಿಂಗಿನಲ್ಲಿದ್ದಾರೆ. ಆರು ವರ್ಷದಿಂದ ಅದೇ ಮೀಟಿಂಗು. ಫೋನಿಟ್ಟು ಅಂಗಳ ಗುಡಿಸಿದೆ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದೆ. ಪ್ರಮಾಣಪತ್ರ ದೇವರ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಕೆಳಗಿದೆ. ಈ ಸಾಲು ಬರೆಯುವ ತನಕ ಸಹಿ ಮಾಡಿಲ್ಲ. ಪೆನ್ನು ಹಿಡಿದು ಎರಡು ಸಲ ಹೋಗಿ ಬಂದೆ.

ನನಗೇನು ಬೇಕು ಎಂದು ಕೇಳಿದರೆ ನನಗೇ ಗೊತ್ತಿಲ್ಲ, ಅದೇ ಸಂಕಟ. ಪ್ರಧಾನಿಯ ಅಕ್ಕ ಎನ್ನಿಸಿಕೊಳ್ಳುವುದು ನನಗೂ ರುಚಿಸಿದೆ, ಸುಳ್ಳು ಯಾಕೆ ಹೇಳಲಿ. ದವಾಖಾನೆಯಲ್ಲಿ ಕುರ್ಚಿ ಕೊಡುತ್ತಾರೆ, ಗ್ಯಾಸಿನವನು ಸಿಲಿಂಡರನ್ನು ಒಳಗೇ ತಂದಿಡುತ್ತಾನೆ. ಅದಕ್ಕಿಂತ ಹೆಚ್ಚು, ನೀನು ಇಳಿದ ಮೇಲೆ ಏನು ಮಾಡುತ್ತೀಯ ಎಂಬ ಹೆದರಿಕೆ. ಪರಿಮಳಾ ಹೋದ ಮೇಲೆ ನಿನಗೆ ಹೆಂಡತಿಯೂ ಅದೇ ಕಡತ, ಮಕ್ಕಳೂ ಅದೇ ಕಡತ. ನೀನೂ ಒಂದು ಕೋಟು ಹಾಕಿಕೊಂಡು ಪಡಸಾಲೆಯಲ್ಲಿ ಕೂತರೆ ನೋಡುವ ಶಕ್ತಿ ನನಗಿಲ್ಲ. ಅದಕ್ಕೆ ಒಂದು ಗಳಿಗೆ ಸಹಿ ಹಾಕಿಬಿಡೋಣ ಎನಿಸುತ್ತದೆ, ಮರುಗಳಿಗೆ ಭುವನೇಶ್ವರಿಯವರ ಹಳದಿ ಗಂಟು ಕಣ್ಣಿಗೆ ಬರುತ್ತದೆ. ನೀನಿಲ್ಲದಿದ್ದರೆ ಸರ್ಕಾರ ಉಳಿಯುವುದಿಲ್ಲ, ದೇಶ ನಡೆಯುವುದಿಲ್ಲ ಎಂದು ಸಂಜುಕುಮಾರ ಹೇಳುತ್ತಾನೆ. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯೇ? ನಾವಿಲ್ಲದಿದ್ದರೆ ಕುರಿ ಉಪವಾಸ ಬೀಳುತ್ತವೆ ಎಂದು ನೀನು ಅತ್ತಾಗ, "ಕುರಿ ನಮ್ಮ ಮಾರಿ ನೋಡಿ ಮೇಯಂಗಿಲ್ಲೋ ಹುಚ್ಚಪ್ಪ, ಹುಲ್ಲು ನೋಡಿ ಮೇಯ್ತಾವ," ಎನ್ನುತ್ತಿದ್ದ.

ಕಲ್ಪನಾ ಚೀಲ ಕಟ್ಟುತ್ತಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಳಿಸಿದ್ದೇನೆ. ನಿನ್ನ ಬಾಗಿಲ ನಾಯಿ ಮೂಸಿ ನೋಡಿ ಬಿಟ್ಟ ಮೇಲೆ ನೀನು ತಿನ್ನು. ಎಳ್ಳೆಣ್ಣೆಯ ಬಾಟಲಿಯೂ ಇದೆ, ಈ ಸಲ ಅದನ್ನು ಯಾವ ಇಲಾಖೆಗೂ ರವಾನಿಸಬೇಡ. ನಿನ್ನ ಅಡುಗೆಯವನಿಗೆ, ಕಾರು ನಡೆಸುವವನಿಗೆ, ಆ ಕಾರ್ಯದರ್ಶಿಗೂ ನಾನು ಕೇಳಿದೆ ಎಂದು ಹೇಳು. ಅವ್ವ ಅಪ್ಪ ಮೇಲಿಂದ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ, ಕೆಳಗೆ ನಾನಿದ್ದೇನೆ.

ಇತಿ ನಿನ್ನ ಅಕ್ಕ,
ರೇಣಮ್ಮ

ತಾ.ಕ.: ಆಟೋ ಬಾಗಿಲಿಗೆ ಬಂದಿದೆ, ಕಲ್ಪನಾ ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಬಾಲು, ಆವತ್ತು ನಿನ್ನ ಕೈ ಕಿವಿಗೆ ಮುಟ್ಟಿರಲಿಲ್ಲ. ನಾಲ್ಕು ಬೆರಳು ದೂರ ಉಳಿದಿತ್ತು. ನಾನು ನಿನ್ನ ಬೆನ್ನ ಹಿಂದೆ ನಿಂತು ಮೊಣಕೈ ಹಿಡಿದು ಒತ್ತಿದೆ, ನಿನ್ನ ತಲೆಯನ್ನು ಈ ಕಡೆ ಬಾಗಿಸಿದೆ. ನೀನು ನೋವಿಗೆ ಅತ್ತೆ. ಯಾಕೂಬಸಾಬರು ನಿನ್ನ ಕಿವಿ ನೋಡಲಿಲ್ಲ, ನನ್ನ ಮುಖ ನೋಡಿದರು, ಬರೆದುಕೊಂಡರು. ನಿನ್ನ ಒಳ್ಳೆಯದಕ್ಕೆ ಮಾಡಿದೆ ಎಂದು ಹೇಳಿದರೆ ನಾಲಿಗೆ ಬೀಳಬೇಕು. ನನಗೆ ಸೋಮವಾರ ಶಾಲೆಗೆ ಹೋಗಬೇಕಿತ್ತು, ಅಷ್ಟೇ. ನಿನ್ನ ಹೆಸರು ಹತ್ತಿದರೆ ನನ್ನ ಹೆಸರು ಉಳಿಯುತ್ತಿತ್ತು. ಆ ಒಂದು ಒತ್ತಿನಿಂದ ನಾನು ಟೀಚರಾದೆ, ನೀನು ಪ್ರಧಾನಿಯಾದೆ.

ಈಗಷ್ಟೇ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಅವರ ಟೈಪಿನ ಕೆಳಗೆ, ಸಹಿಯ ಮೇಲೆ, ಈ ಮೊಣಕೈ ಸಂಗತಿಯನ್ನೂ ಉಪಚುನಾವಣೆಯ ದಿನದ ವಯಸ್ಸನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಕಾಗದ ಇದೇ ಲಕೋಟೆಯಲ್ಲಿದೆ. ಶನಿವಾರ ಸಂಜುಕುಮಾರನಿಗೆ ಚಹಾ ಮಾತ್ರ ಸಿಗುತ್ತದೆ. ಕೊಡುವುದಿದ್ದರೆ ಇಡೀ ಕಾಗದ ಕೊಡು, ಅರ್ಧ ಕತ್ತರಿಸಬೇಡ. ಕೊಡದೆ ಜೂನ್ ಒಂದಕ್ಕೆ ಇಳಿದು ಬಂದರೆ ಹೊರಗಿನ ಕೋಣೆಗೆ ಸುಣ್ಣ ಹೊಡೆಸಿರುತ್ತೇನೆ. ಎರಡರಲ್ಲಿ ಯಾವುದೆಂದು ನಾನು ಹೇಳುವುದಿಲ್ಲ. ಈ ಸಲ ನಾನು ನಿನ್ನ ಹಿಂದೆ ನಿಂತಿಲ್ಲ ತಮ್ಮಾ, ಕೈ ನೀನೇ ಎತ್ತು.